ನೆರೆಯ ಗ್ಯಾಲಕ್ಸಿಯ ನೋವಾ ‘ಮಾಮೂಲಿಗಿಂತ ಪ್ರಕಾಶ’ ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಸರ್, ಆಂಡ್ರೊಮೆಡಾ ಗ್ಯಾಲಕ್ಸಿಯಲ್ಲಿ, ಮೆಗೆಲನ್ ಮೋಡಗಳೆಂಬ ಪುಟ್ಟ ಗ್ಯಾಲಕ್ಸಿಗಳಲ್ಲಿ ಅಸಾಮಾನ್ಯ ಪ್ರಕಾಶದ ನೋವಾ ಸಿಕ್ಕಿತು ಅಂತ ಆಗಾಗ ಓದುತ್ತೇನೆ. ಲಕ್ಷಗಟ್ಟಲೆ ಜ್ಯೋತಿರ್ವರ್ಷ ದೂರದ ಒಂದು ಚುಕ್ಕಿ ‘ಅಸಾಮಾನ್ಯ’ ಅಂತ ಹೇಗೆ ಹೇಳುತ್ತಾರೆ? ಅದು ಅಷ್ಟು ಬೆಳಗುವುದೇಕೆ? ನನ್ನ ಹತ್ತಿರ 8 ಇಂಚಿನ ಟೆಲಿಸ್ಕೋಪು, ಒಂದು ಕ್ಯಾಮೆರಾ ಇದೆ. ನನಗೂ ಒಂದು ಸಿಗಬಹುದೇ? (ಶಿರಸಿಯ ಓದುಗರೊಬ್ಬರು)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸಿಗಬಹುದು. 8 ಇಂಚಿನ ಟೆಲಿಸ್ಕೋಪಿನಿಂದ ಆಂಡ್ರೊಮೆಡಾದ ನೋವಾ ಚಿತ್ರ ತೆಗೆಯುವುದು ಈಗ ದೊಡ್ಡ ಸಾಹಸವೇನಲ್ಲ. ಎಲ್ಲರಿಗಿಂತ ಮೊದಲು ನೋಡುವುದು ಕಷ್ಟ. ಅದೂ ಅಸಾಮಾನ್ಯ ಪ್ರಕಾಶದ್ದೇ ಬೇಕು ಅಂದರೆ ಅದೃಷ್ಟವೂ ಜೊತೆಗಿರಬೇಕು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ನೋವಾ ಏನು ಅಂತ ಎರಡು ಮಾತು. ಜೋಡಿ ನಕ್ಷತ್ರಗಳಲ್ಲಿ ಒಂದು ಸತ್ತು ಶ್ವೇತ ಕುಬ್ಜವಾಗಿರುತ್ತದೆ. ಗಾತ್ರ ಭೂಮಿಯಷ್ಟು, ತೂಕ ಸೂರ್ಯನಷ್ಟು. ಪಕ್ಕದ ನಕ್ಷತ್ರದ ಹೈಡ್ರೋಜನ್ ಇದರ ಮೈಮೇಲೆ ಸುರಿಯುತ್ತಲೇ ಇರುತ್ತದೆ. ಕೆಲವು ಭೂಮಿಗಳ ತೂಕದಷ್ಟು, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ಶೇಖರವಾದಾಗ ಅಡಿಯ ಪದರ ಹೊತ್ತಿಕೊಳ್ಳುತ್ತದೆ. ಅಲ್ಲಿನ ಅನಿಲ ಎಷ್ಟು ಒತ್ತಿಹೋಗಿರುತ್ತದೆ ಅಂದರೆ, ಬಿಸಿಯಾದರೂ ತಕ್ಷಣ ಹಿಗ್ಗಿ ತಣ್ಣಗಾಗುವುದಿಲ್ಲ. ಹೀಗಾಗಿ ಬಿಸಿ ಏರುತ್ತದೆ, ಉರಿ ಹೆಚ್ಚುತ್ತದೆ, ಉರಿ ಹೆಚ್ಚಿದ್ದಕ್ಕೆ ಬಿಸಿ ಇನ್ನೂ ಏರುತ್ತದೆ. ಕೊನೆಗೆ ಇಡೀ ಹೊದಿಕೆ ಹಾರಿಹೋಗುತ್ತದೆ. ಶ್ವೇತ ಕುಬ್ಜಕ್ಕೆ ಏನೂ ಆಗುವುದಿಲ್ಲ. ಮತ್ತೆ ಶೇಖರಣೆ ಶುರು.

ಇನ್ನು ‘ಅಸಾಮಾನ್ಯ’ದ ವಿಷಯ. ಒಂದು ನಕ್ಷತ್ರ ಎಷ್ಟು ಹೊಳೆಯುತ್ತದೆ ಅಂತ ಅಳೆಯುವುದು ಸುಲಭ. ಅದು ನಿಜಕ್ಕೂ ಎಷ್ಟು ಬೆಳಕು ಚೆಲ್ಲುತ್ತಿದೆ ಅಂತ ಹೇಳಬೇಕಾದರೆ ದೂರ ಗೊತ್ತಿರಬೇಕು. ನಮ್ಮದೇ ಆಕಾಶಗಂಗೆಯಲ್ಲಿ ಸಿಗುವ ನೋವಾಗಳ ದೊಡ್ಡ ತೊಂದರೆ ಇದೇ. ಒಂದು ಹತ್ತಿರ, ಇನ್ನೊಂದು ದೂರ, ಮತ್ತೊಂದು ಧೂಳಿನ ಹಿಂದೆ. ಮೈಸೂರಿನ ಬೀದಿಯಲ್ಲಿ ನಿಂತರೆ ಪಕ್ಕದ ಅಂಗಡಿಯ ಸಣ್ಣ ಬಲ್ಬೇ ದೂರದ ಫ್ಲಡ್‌ಲೈಟಿಗಿಂತ ಕಣ್ಣು ಕುಕ್ಕುತ್ತದೆ. ಚಾಮುಂಡಿ ಬೆಟ್ಟ ಹತ್ತಿ ಊರನ್ನು ನೋಡಿ. ಎಲ್ಲ ದೀಪಗಳೂ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಜಾಸ್ತಿ ಹೊಳೆಯುವುದು ನಿಜವಾಗಿಯೂ ಜಾಸ್ತಿ ಪ್ರಕಾಶದ್ದೇ. ನೆರೆಯ ಗ್ಯಾಲಕ್ಸಿ ನಮಗೆ ಕೊಡುವ ಅನುಕೂಲ ಇದೇ. ಆಂಡ್ರೊಮೆಡಾ, ಅಂದರೆ ಎಂ31, ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಅದರೊಳಗಿನ ನಕ್ಷತ್ರ ಆಚೆ ಬದಿಯದ್ದೋ ಈಚೆ ಬದಿಯದ್ದೋ, ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಆಗುವುದಿಲ್ಲ.

ಸಂಖ್ಯೆಯಲ್ಲಿ ನೋಡೋಣ. ಖಗೋಳದವರ ಕಾಂತಿಮಾನದ ಲೆಕ್ಕ ಉಲ್ಟಾ. ಅಂಕಿ ಕಡಿಮೆಯಾದಷ್ಟೂ ಬೆಳಕು ಜಾಸ್ತಿ. 5 ಅಂಕಿ ಇಳಿದರೆ ಬೆಳಕು 100 ಪಟ್ಟು. ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ. ಯಾವುದೇ ವಸ್ತುವನ್ನು 32.6 ಜ್ಯೋತಿರ್ವರ್ಷ ದೂರದಲ್ಲಿ ಇಟ್ಟರೆ ಕಾಣುವ ಅಂಕಿಗೆ ನಿಜ ಕಾಂತಿಮಾನ ಅನ್ನೋಣ. ಸಾಮಾನ್ಯ ನೋವಾ ಉತ್ತುಂಗದಲ್ಲಿ ಮೈನಸ್ 7.5ರ ಸುಮಾರು ಮುಟ್ಟುತ್ತದೆ. ಅಂದರೆ 80 ಸಾವಿರಕ್ಕೂ ಹೆಚ್ಚು ಸೂರ್ಯರ ಬೆಳಕು! ಎಂ31ರ ದೂರಕ್ಕೆ ಸುಮಾರು 24.4 ಕೂಡಿಸಬೇಕು. ಆಗ ಅದು ನಮಗೆ 17ರಷ್ಟು ಮಂಕಾಗಿ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಒಂದು ಚುಕ್ಕಿ 14.5 ಇದೆ ಅಂದುಕೊಳ್ಳಿ. ಕಳೆದರೆ ಮೈನಸ್ 9.9. ಸಾಮಾನ್ಯ ನೋವಾಕ್ಕಿಂತ ಸುಮಾರು ಒಂಬತ್ತು ಪಟ್ಟು ಬೆಳಕು. ‘ಅಸಾಮಾನ್ಯ’ ಅನ್ನುವುದು ಇಷ್ಟೇ ಲೆಕ್ಕ. ಇನ್ನೊಂದು ಅನುಕೂಲವೂ ಇದೆ. ನಡುವೆ ಧೂಳಿದ್ದರೆ ನೋವಾ ಮಂಕಾಗಬಹುದು, ಪ್ರಕಾಶ ಹೆಚ್ಚಾಗುವುದಿಲ್ಲ. ಮಂಕು ನೋವಾವನ್ನು ಅನುಮಾನಿಸಬೇಕು. ಪ್ರಕಾಶದ ನೋವಾ ನಮಗೆ ಕಂಡದ್ದಕ್ಕಿಂತ ಇನ್ನೂ ಪ್ರಕಾಶವಾಗಿಯೇ ಇರಬಹುದು.

ಆದರೆ ಈ ಲೆಕ್ಕಕ್ಕೆ ದೂರ ಮೊದಲೇ ಗೊತ್ತಿರಬೇಕು, ಅಲ್ವಾ? ಗೊತ್ತಿಲ್ಲದ ಕಾಲದಲ್ಲಿ ಒಂದು ‘ಅಸಾಮಾನ್ಯ ನೋವಾ’ ಖಗೋಳ ವಿಜ್ಞಾನವನ್ನೇ 35 ವರ್ಷ ದಾರಿ ತಪ್ಪಿಸಿತು. ಈ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ತಿರುಳು ಇದರಲ್ಲೇ ಇದೆ.

1885ರ ಆಗಸ್ಟ್‌ನಲ್ಲಿ ಆಂಡ್ರೊಮೆಡಾದ ನಡುಭಾಗದ ಹತ್ತಿರ ಹೊಸ ನಕ್ಷತ್ರವೊಂದು ಕಾಣಿಸಿತು. ಈಗಿನ ಎಸ್ಟೋನಿಯಾದ ಡೋರ್ಪಾಟ್ ವೀಕ್ಷಣಾಲಯದ ಅರ್ನ್ಸ್ಟ್ ಹಾರ್ಟ್‌ವಿಗ್ ಅದನ್ನು ಗುರುತಿಸಿ ಜಗತ್ತಿಗೆ ತಿಳಿಸಿದರು. ಕಾಂತಿಮಾನ ಸುಮಾರು 6ಕ್ಕೆ ಬಂತು. ಅಂದರೆ ಬರಿಗಣ್ಣಿನ ಅಂಚು. ಆಗ ಆಂಡ್ರೊಮೆಡಾವನ್ನು ಗ್ಯಾಲಕ್ಸಿ ಅಂತ ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ. ಅದು ‘ನೆಬ್ಯುಲಾ’, ಸುರುಳಿಯಾಕಾರದ ಒಂದು ಮಬ್ಬು. ಈ ಹೊಸ ನಕ್ಷತ್ರ ನಮ್ಮ ಆಕಾಶಗಂಗೆಯ ನೋವಾಗಳಂಥದ್ದೇ ಅಂದುಕೊಂಡರೆ, ಆ ಮಬ್ಬು ನಮ್ಮ ಮಗ್ಗುಲಲ್ಲೇ ಇದೆ ಅಂತ ಲೆಕ್ಕ ಬರುತ್ತದೆ. ಬಹಳ ಜನ ಹಾಗೇ ನಂಬಿದರು.

1917ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಜಾರ್ಜ್ ರಿಚಿ ಇನ್ನೊಂದು ಸುರುಳಿಯಲ್ಲಿ ಹೊಸ ನಕ್ಷತ್ರ ಕಂಡರು. ಅದಾದ ಮೇಲೆ ಅವರೂ ಲಿಕ್ ವೀಕ್ಷಣಾಲಯದ ಹೆಬರ್ ಕರ್ಟಿಸ್ ಅವರೂ ಹಳೆಯ ಫೋಟೋ ಪ್ಲೇಟುಗಳನ್ನು ಕೆದಕಿದರು. ಆಂಡ್ರೊಮೆಡಾದಲ್ಲಿ ಮಂಕು ಮಂಕಾದ ನೋವಾಗಳು ಒಂದೊಂದಾಗಿ ಸಿಕ್ಕವು. ಎಲ್ಲವೂ ನಮ್ಮ ನೋವಾಗಳಿಗಿಂತ ಸುಮಾರು 10 ಅಂಕಿ ಮಂಕು. 10 ಅಂಕಿ ಅಂದರೆ ಬೆಳಕು ಹತ್ತು ಸಾವಿರದಲ್ಲಿ ಒಂದು ಪಾಲು, ದೂರ ನೂರು ಪಟ್ಟು. ಕರ್ಟಿಸ್ ಅವರಿಗೆ ಇದು ಸಾಕಾಯಿತು. ಸುರುಳಿಗಳು ನಮ್ಮ ಆಕಾಶಗಂಗೆಯಂಥವೇ ಬೇರೆ ಲೋಕಗಳು ಅಂದರು. 1885ರ ನಕ್ಷತ್ರವೇ ಏನೋ ವಿಚಿತ್ರ, ಅದನ್ನು ಪಕ್ಕಕ್ಕಿಡಿ ಅನ್ನುವುದು ಅವರ ವಾದ. ಇನ್ನೊಬ್ಬ ಖಗೋಳಜ್ಞ ಹಾರ್ಲೋ ಶ್ಯಾಪ್ಲಿ ಒಪ್ಪಲಿಲ್ಲ. ಸುರುಳಿ ಅಷ್ಟು ದೂರವಿದ್ದರೆ 1885ರ ಆ ನಕ್ಷತ್ರ ಊಹೆಗೂ ನಿಲುಕದಷ್ಟು ಬೆಳಕು ಚೆಲ್ಲಿರಬೇಕು, ಅಂಥದ್ದು ಎಲ್ಲಾದರೂ ಉಂಟೇ ಅಂತ ಕೇಳಿದರು. 1920ರ ಏಪ್ರಿಲ್ 26ರಂದು ವಾಷಿಂಗ್ಟನ್‌ನಲ್ಲಿ ಇಬ್ಬರೂ ಒಂದೇ ವೇದಿಕೆಗೆ ಬಂದರು.

ಶ್ಯಾಪ್ಲಿ ಅವರ ಲೆಕ್ಕ ಸರಿಯಾಗಿಯೇ ಇತ್ತು ಅನ್ನುವುದು ನನಗೆ ಇದರಲ್ಲಿ ಬಹಳ ಇಷ್ಟವಾಗುವ ಸಂಗತಿ. ಅಷ್ಟು ಬೆಳಕು ಚೆಲ್ಲುವ ಸ್ಫೋಟ ನಿಜಕ್ಕೂ ಇತ್ತು! ಅದು ನೋವಾ ಅಲ್ಲ, ಇಡೀ ನಕ್ಷತ್ರವೇ ಚೂರಾಗುವ ಸೂಪರ್‌ನೋವಾ. ಈ ಎರಡನ್ನೂ ಬೇರೆ ಮಾಡಿ ನೋಡಿ ಅಂತ 1934ರಲ್ಲಿ ವಾಲ್ಟರ್ ಬಾಡೆ ಮತ್ತು ಫ್ರಿಟ್ಸ್ ಜ್ವಿಕಿ ಒತ್ತಿ ಹೇಳಿದರು. ಅಷ್ಟರಲ್ಲಿ ದೂರದ ಪ್ರಶ್ನೆಯೂ ಬಗೆಹರಿದಿತ್ತು. ಅದನ್ನು ಬಗೆಹರಿಸಿದ್ದೂ ನೋವಾ ಬೇಟೆಯೇ. 1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ 100 ಇಂಚಿನ ಟೆಲಿಸ್ಕೋಪಿನಿಂದ ಆಂಡ್ರೊಮೆಡಾದ ಚಿತ್ರ ತೆಗೆದು, ಗಾಜಿನ ಪ್ಲೇಟಿನ ಮೇಲೆ ಮೂರು ಚುಕ್ಕಿಗಳ ಪಕ್ಕ ಮಸಿಯಲ್ಲಿ ನೋವಾ ಅನ್ನುವುದಕ್ಕೆ ‘ಎನ್’ ಅಂತ ಬರೆದರು. ಹಳೆಯ ಪ್ಲೇಟುಗಳ ಜೊತೆ ಹೋಲಿಸಿದಾಗ ಒಂದು ಚುಕ್ಕಿ ಹಿಂದೆಯೂ ಇತ್ತು, ಏರುತ್ತಿತ್ತು, ಇಳಿಯುತ್ತಿತ್ತು. ‘ಎನ್’ ಹೊಡೆದುಹಾಕಿ ‘ವಿಎಆರ್!’, ಅಂದರೆ ವೇರಿಯಬಲ್, ಬದಲಾಗುವ ನಕ್ಷತ್ರ ಅಂತ ಬರೆದರು. ಬೆಳಕು ಏರಿಳಿಯುವ ಅವಧಿಯಿಂದಲೇ ನಿಜ ಪ್ರಕಾಶ ಹೇಳಬಹುದಾದ ಸೆಫೀಡ್ ಜಾತಿಯ ನಕ್ಷತ್ರ ಅದು. ಅದರಿಂದಲೇ ಆಂಡ್ರೊಮೆಡಾ ಆಕಾಶಗಂಗೆಯ ಹೊರಗಿದೆ ಅಂತ ಖಚಿತವಾಯಿತು. ಮಸಿಯ ಆ ಗುರುತು ಪ್ಲೇಟಿನ ಮೇಲೆ ಇವತ್ತಿಗೂ ಇದೆ.

ಈಗ ದೂರ ಕೈಯಲ್ಲಿದೆ. ಇನ್ನು ಬೇಕಾದದ್ದು ಜಾಸ್ತಿ ನೋವಾಗಳು. 1950ರ ದಶಕದಲ್ಲಿ ಹಾಲ್ಟನ್ ಆರ್ಪ್ ಸುಮಾರು ಒಂದೂವರೆ ವರ್ಷ ಎಂ31ರ ಮೇಲೆ ಕಣ್ಣಿಟ್ಟು 30 ನೋವಾ ಹಿಡಿದರು. ಅವುಗಳಲ್ಲಿ ಒಂದು ಮಾದರಿ ಎದ್ದು ಕಂಡಿತು. ಜಾಸ್ತಿ ಬೆಳಗಿದ್ದು ಬೇಗ ಇಳಿಯುತ್ತದೆ, ಮಂಕಾದದ್ದು ನಿಧಾನವಾಗಿ ಇಳಿಯುತ್ತದೆ. ಎಷ್ಟೋ ಕಾಲ ಇದನ್ನು ದೂರ ಅಳೆಯುವ ಕೋಲಿನಂತೆ ಬಳಸಿದರು. ನೋವಾ ಎರಡು ಅಂಕಿ ಇಳಿಯಲು ಎಷ್ಟು ದಿನ ಹಿಡಿಯಿತು ಅಂತ ನೋಡಿದರೆ ಉತ್ತುಂಗದ ನಿಜ ಪ್ರಕಾಶ ಗೊತ್ತಾಗುತ್ತದೆ ಅನ್ನುವ ನಂಬಿಕೆ.

ಆ ಮಾದರಿ ಹಾಕಿಕೊಟ್ಟ ಗೆರೆಯನ್ನು ಮೀರಿದವೇ ನೀವು ಓದಿದ ಸುದ್ದಿಯ ನೋವಾಗಳು. 1991ರ ಏಪ್ರಿಲ್‌ನಲ್ಲಿ ದೊಡ್ಡ ಮೆಗೆಲನ್ ಮೋಡದಲ್ಲಿ ವಿಲಿಯಂ ಲಿಲ್ಲರ್ ಕಂಡ ನೋವಾ ಮೈನಸ್ 10ರ ಹತ್ತಿರ ಹೋಯಿತು. ಅಷ್ಟು ಬೇಗ ಇಳಿಯುವ ನೋವಾಕ್ಕೆ ಗೆರೆ ಹೇಳುವುದಕ್ಕಿಂತ ಒಂದು ಅಂಕಿ ಜಾಸ್ತಿ. ಇಟಲಿಯ ಮಾಸ್ಸಿಮೊ ಡೆಲ್ಲಾ ವಾಲ್ಲೆ ಇಂಥವನ್ನು ‘ಸೂಪರ್-ಬ್ರೈಟ್’ ಅಂತ ಬೇರೆ ಗುಂಪಾಗಿ ನೋಡಬೇಕು ಅಂದರು. ಆಂಡ್ರೊಮೆಡಾದಲ್ಲಿ 2007ರ ನವೆಂಬರ್‌ನಲ್ಲಿ ಸಿಕ್ಕ ಎಂ31ಎನ್ 2007-11ಡಿ ಮೈನಸ್ 9.5ರ ಸುಮಾರಿಗೆ ಹೋಗಿ, ನಮಗೆ ಹೆಚ್ಚುಕಡಿಮೆ 15ನೇ ಕಾಂತಿಮಾನದಲ್ಲಿ ಕಂಡಿತು. 2016ರ ಅಕ್ಟೋಬರ್ 14ರಂದು ಅರ್ಜೆಂಟೀನಾದ ಮಾಸ್ಟರ್ ಟೆಲಿಸ್ಕೋಪಿಗೆ ಚಿಕ್ಕ ಮೆಗೆಲನ್ ಮೋಡದಲ್ಲಿ ಸಿಕ್ಕ ನೋವಾ ಇವೆಲ್ಲವನ್ನೂ ಮೀರಿಸಿತು. ಸುಮಾರು ಮೈನಸ್ 10.5. ಹತ್ತು ಲಕ್ಷಕ್ಕೂ ಹೆಚ್ಚು ಸೂರ್ಯರು! ನಾಲ್ಕೇ ದಿನದಲ್ಲಿ ಎರಡು ಅಂಕಿ ಇಳಿದೂಬಿಟ್ಟಿತು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಚಿಕ್ಕ ಮೋಡ ನಮ್ಮ ದಿಕ್ಕಿನಲ್ಲಿ ಉದ್ದಕ್ಕೆ ಚಾಚಿಕೊಂಡಿದೆ. ನೋವಾ ಅದರ ಮುಂದಿನ ಅಂಚಿನಲ್ಲಿದ್ದರೆ ಲೆಕ್ಕ ಅರ್ಧ ಅಂಕಿಯಷ್ಟು ಆಚೀಚೆ ಆಗುತ್ತದೆ. ಆಂಡ್ರೊಮೆಡಾಗೆ ಈ ಕಾಟ ಇಲ್ಲ.

ಹಾಗಾದರೆ ಅಷ್ಟು ಬೆಳಗುವುದೇಕೆ? ಶ್ವೇತ ಕುಬ್ಜದ ತೂಕ ದೊಡ್ಡ ಕಾರಣ. 2016ರ ನೋವಾದಲ್ಲಿ ಅದು 1.25ರಿಂದ 1.3 ಸೂರ್ಯನಷ್ಟು ಅಂತ ಅಂದಾಜು. ಶ್ವೇತ ಕುಬ್ಜದ ಮಿತಿಯೇ ಸುಮಾರು 1.4. ತೂಕ ಜಾಸ್ತಿಯಾದಷ್ಟೂ ಮೇಲ್ಮೈಯ ಸೆಳೆತ ಬಿಗಿ, ಉರಿ ಜೋರು, ಹೊದಿಕೆ ಹಾರುವ ವೇಗವೂ ಜಾಸ್ತಿ.

ಬರೀ ತೂಕವೇ ಕಾರಣ ಅಂತ ಹೇಳಿ ಮುಗಿಸುವವರನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಆಂಡ್ರೊಮೆಡಾದಲ್ಲೇ ಎಂ31ಎನ್ 2008-12ಎ ಅನ್ನುವ ನೋವಾ ಇದೆ. ಸುಮಾರು ವರ್ಷಕ್ಕೊಮ್ಮೆ ಸಿಡಿಯುತ್ತದೆ. ಶ್ವೇತ ಕುಬ್ಜ 1.38 ಸೂರ್ಯನಷ್ಟು ಅಂತ ಅಂದಾಜು, ಅಂದರೆ ಮಿತಿಗೆ ತಾಗಿಕೊಂಡೇ ಇದೆ. ಅಷ್ಟಿದ್ದೂ ನಮಗೆ ಕಾಣುವುದು 18.5ರ ಸುಮಾರು, ಸಾಮಾನ್ಯ ನೋವಾಕ್ಕಿಂತ ಮಂಕು! ಪಕ್ಕದ ನಕ್ಷತ್ರದಿಂದ ಹೈಡ್ರೋಜನ್ ಎಷ್ಟು ರಭಸವಾಗಿ ಸುರಿಯುತ್ತದೆ ಅಂದರೆ, ಜಾಸ್ತಿ ಶೇಖರವಾಗುವ ಮೊದಲೇ ಹೊತ್ತಿಕೊಳ್ಳುತ್ತದೆ. ಹಾರುವುದಕ್ಕೆ ಹೊದಿಕೆಯೇ ಹೆಚ್ಚಿಲ್ಲ. ಲಕ್ಷಾಂತರ ವರ್ಷ ಹೀಗೇ ಸಿಡಿದೂ ಸಿಡಿದೂ ಸುತ್ತ 400 ಜ್ಯೋತಿರ್ವರ್ಷಕ್ಕೂ ಅಗಲದ ಚಿಪ್ಪೊಂದು ಬೆಳೆದಿದೆ. ಅದು ನನಗೆ ಬೆಳಕಿಗಿಂತ ದೊಡ್ಡ ಬೆರಗು. ಒಟ್ಟಿನಲ್ಲಿ ತೂಕವೂ ಬೇಕು, ನಿಧಾನವಾಗಿ ಕೂಡಿಟ್ಟ ಇಂಧನವೂ ಬೇಕು.

ಮೂರನೇ ಕಾರಣ ಇತ್ತೀಚಿನದು. ಸ್ಫೋಟದಲ್ಲಿ ಅನಿಲ ಒಂದೇ ಸಲ ಹೊರಬೀಳುವುದಿಲ್ಲ. ಮೊದಲು ನಿಧಾನದ ಅಲೆ, ಹಿಂದಿನಿಂದ ವೇಗದ್ದು. ವೇಗದ್ದು ನಿಧಾನದ್ದಕ್ಕೆ ಗುದ್ದುತ್ತದೆ. ಈ ಗುದ್ದಾಟದಿಂದ ಗಾಮಾ ಕಿರಣ ಹೊರಡುತ್ತದೆ. 2010ರಲ್ಲಿ ಫರ್ಮಿ ಉಪಗ್ರಹ ನೋವಾದ ಗಾಮಾ ಕಿರಣವನ್ನು ಮೊದಲ ಸಲ ಹಿಡಿದಾಗ ಎಲ್ಲರಿಗೂ ಆಶ್ಚರ್ಯ. 2018ರಲ್ಲಿ ನಮ್ಮದೇ ಆಕಾಶಗಂಗೆಯ ವಿ906 ಕ್ಯಾರಿನೇ ಸಿಡಿಯಿತು. ಅದರ ಗಾಮಾ ಏರಿದಾಗಲೆಲ್ಲ ಕಣ್ಣಿಗೆ ಕಾಣುವ ಬೆಳಕೂ ಅದೇ ಹೊತ್ತಿಗೆ ಏರಿತು. ಅಂದರೆ ನೋವಾದ ಬೆಳಕಿನಲ್ಲಿ ದೊಡ್ಡ ಪಾಲು ಶ್ವೇತ ಕುಬ್ಜದ ಉರಿಯಿಂದ ನೇರವಾಗಿ ಬಂದದ್ದಲ್ಲ, ಈ ಗುದ್ದಾಟದಿಂದ ಹುಟ್ಟಿದ್ದು. ಅತಿ ಪ್ರಕಾಶದ ನೋವಾಗಳಿಗೂ ಇದರಲ್ಲಿ ಪಾಲಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಆ ‘ಅಳತೆ ಕೋಲಿನ’ ಕಥೆ ಏನಾಯಿತು ಅಂದಿರಾ? ಮುರಿದಿದೆ ಅಂತಲೇ ಹೇಳಬೇಕು. ಇಂದೋರ್‌ನಲ್ಲಿ ಹುಟ್ಟಿದ ಮಾನ್ಸಿ ಕಾಸ್ಲಿವಾಲ್ ಮತ್ತು ಜೊತೆಗಾರರು ಪಾಲೋಮಾರ್‌ನ 60 ಇಂಚಿನ ಟೆಲಿಸ್ಕೋಪಿನಿಂದ ನೆರೆಯ ಗ್ಯಾಲಕ್ಸಿಗಳನ್ನು ಬಿಡದೆ ನೋಡಿ, 2011ರಲ್ಲಿ ಫಲಿತಾಂಶ ಹೇಳಿದರು. ಮಂಕಾಗಿಯೂ ಇದ್ದು ಬೇಗನೆ ಇಳಿಯುವ ನೋವಾಗಳು ಬೇಕಾದಷ್ಟಿವೆ. ಮೊದಲಿನವರು ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದರಿಂದ ಇವು ತಪ್ಪಿಸಿಕೊಳ್ಳುತ್ತಿದ್ದವು, ಅಷ್ಟೇ.

ಪ್ರಕಾಶದ ನೋವಾಗಳಿಗೂ ಇದೇ ಗತಿ. ನಾಲ್ಕು ದಿನದಲ್ಲಿ ಎರಡು ಅಂಕಿ ಇಳಿಯುವ ನೋವಾವನ್ನು ಒಂದು ವಾರ ತಡವಾಗಿ ನೋಡಿದರೆ ಅದು ಸುಮ್ನೆ ಒಂದು ಸಾಧಾರಣ ನೋವಾ. ಉತ್ತುಂಗದ ಬೆಳಕು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಂಡ್ರೊಮೆಡಾದಲ್ಲಿ ವರ್ಷಕ್ಕೆ ಸುಮಾರು 65 ನೋವಾ ಸಿಡಿಯುತ್ತವೆ ಅಂತ ಒಂದು ಒಳ್ಳೆಯ ಅಂದಾಜು ಇದೆ. ಹಿಡಿಯುವುದು ಅಷ್ಟು ಇಲ್ಲ. ನಡುಭಾಗದ ಝಗಮಗದಲ್ಲಿ ಕೆಲವು ಮುಳುಗುತ್ತವೆ, ಧೂಳಿನಲ್ಲಿ ಕೆಲವು, ಮೋಡ ಕವಿದ ರಾತ್ರಿಗಳಲ್ಲಿ ಇನ್ನು ಕೆಲವು. ಹವ್ಯಾಸಿಗಳಿಗೆ ಈಗಲೂ ಜಾಗ ಇರುವುದು ಈ ಕಾರಣಕ್ಕೇ. ಎಂ31ಎನ್ 2008-12ಎ ಮೊದಲು ಕಂಡದ್ದೂ ಜಪಾನಿನ ಇಬ್ಬರು ಹವ್ಯಾಸಿಗಳಾದ ನಿಶಿಯಾಮಾ ಮತ್ತು ಕಬಾಶಿಮಾ ಅವರಿಗೆ. ಚಿಲಿಯ ದೊಡ್ಡ ರೂಬಿನ್ ವೀಕ್ಷಣಾಲಯ ಬಂದ ಮೇಲೂ ಎಂ31ಕ್ಕೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ. ಅಲ್ಲಿಂದ ನೋಡಿದರೆ ಆಂಡ್ರೊಮೆಡಾ ಬಾನಂಚಿನಿಂದ 20 ಡಿಗ್ರಿಯೂ ಮೇಲೇರುವುದಿಲ್ಲ.

ನಮ್ಮ ದೇಶದಲ್ಲೂ ಈ ಕೆಲಸ ನಡೆಯುತ್ತಿದೆ. ಲಡಾಖಿನ ಹಾನ್ಲೆಯಲ್ಲಿ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ಓಡಿಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಪಕ್ಕದಲ್ಲೇ 0.7 ಮೀಟರಿನ ಗ್ರೋತ್-ಇಂಡಿಯಾ ಟೆಲಿಸ್ಕೋಪೂ ಇದೆ. ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯವರು ಆಸ್ಟ್ರೋಸ್ಯಾಟ್ ಉಪಗ್ರಹದ ಅಲ್ಟ್ರಾವಯಲೆಟ್ ಚಿತ್ರಗಳಲ್ಲಿ ಆಂಡ್ರೊಮೆಡಾದ 42 ನೋವಾಗಳ ಬೆಳಕನ್ನು ಗುರುತಿಸಿದ್ದಾರೆ.

ಈಗ ನಿಮ್ಮ ಟೆಲಿಸ್ಕೋಪಿಗೆ ಬರೋಣ. ಮೆಗೆಲನ್ ಮೋಡಗಳನ್ನು ಮರೆತುಬಿಡಿ. ಶಿರಸಿಯಿಂದ ದೊಡ್ಡ ಮೋಡ ದಕ್ಷಿಣದ ಬಾನಂಚಿನಿಂದ ಐದಾರು ಡಿಗ್ರಿ ಮೇಲೆ ಬಂದರೆ ಹೆಚ್ಚು, ಮರಗಳೇ ಅಡ್ಡ ಬರುತ್ತವೆ. ಆಂಡ್ರೊಮೆಡಾ ಮಾತ್ರ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ, ಚೆನ್ನಾಗಿ ಮೇಲೆ ಬರುತ್ತದೆ. ನವೆಂಬರ್ ನಡುವಿಗೆ ರಾತ್ರಿ 9ರ ಸುಮಾರಿಗೆ ಅತಿ ಎತ್ತರ. ಮಳೆ ಹಿಂದೆ ಸರಿದಿರುತ್ತದೆ, ದೀಪಾವಳಿಯ ಹೊಗೆ ಇಳಿದ ಮೇಲೆ ಆಕಾಶವೂ ಚೊಕ್ಕ. ಜನವರಿ ಮುಗಿಯುವವರೆಗೆ ನಿಮ್ಮ ಹಂಗಾಮು.

ಇಡೀ ಗ್ಯಾಲಕ್ಸಿ ಹಿಡಿಯಲು ಹೋಗಬೇಡಿ, ಅದು ಮೂರು ಡಿಗ್ರಿ ಉದ್ದ. ನಡುವಿನ ಉಬ್ಬಿನ ಸುತ್ತಲೇ ನೋವಾ ಜಾಸ್ತಿ, ಅಲ್ಲೇ ನಿಲ್ಲಿಸಿ. ಒಂದೇ ಉದ್ದನೆಯ ಎಕ್ಸ್‌ಪೋಶರ್ ಕೊಟ್ಟರೆ ನಡುಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ. 30 ಸೆಕೆಂಡಿನವು ಬೇಕಾದಷ್ಟು ತೆಗೆದು ಒಂದರ ಮೇಲೊಂದು ಸೇರಿಸಿ. ಒಳ್ಳೆಯ ಕತ್ತಲಿದ್ದರೆ ಅರ್ಧ ಮುಕ್ಕಾಲು ಗಂಟೆಯ ಚಿತ್ರದಲ್ಲಿ 18ರ ಸುಮಾರಿನ ಚುಕ್ಕಿ ಕಾಣಬೇಕು. ಮೊದಲ ಚೊಕ್ಕ ರಾತ್ರಿಯ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಮುಂದಿನ ಪ್ರತಿ ಚಿತ್ರದಿಂದ ಅದನ್ನು ಸಾಫ್ಟ್‌ವೇರಿನಲ್ಲಿ ಕಳೆಯಿರಿ. ಗ್ಯಾಲಕ್ಸಿಯ ಬೆಳಕು ಅಳಿಸಿಹೋಗಿ ಬೂದು ಬಯಲು ಉಳಿಯುತ್ತದೆ. ಹೊಸದೇನಾದರೂ ಇದ್ದರೆ ಆ ಬಯಲಿನಲ್ಲಿ ಒಂಟಿ ಬಿಳಿ ಚುಕ್ಕಿ. ಹೈಡ್ರೋಜನ್-ಆಲ್ಫಾ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು, ಆ ಕೆಂಪು ಬೆಳಕಿನಲ್ಲಿ ನೋವಾ ಹೆಚ್ಚು ದಿನ ಕಾಣುತ್ತದೆ.

ಚುಕ್ಕಿ ಕಂಡ ಕೂಡಲೇ ಕುಣಿಯಬೇಡಿ. ಕ್ಯಾಮೆರಾದ ಹಾಟ್ ಪಿಕ್ಸೆಲ್, ಅಂದರೆ ಬೆಳಕಿಲ್ಲದೆಯೂ ಹೊಳೆಯುವ ಸೆನ್ಸರಿನ ಚುಕ್ಕಿ ಇರಬಹುದು. ಟೆಲಿಸ್ಕೋಪನ್ನು ಸ್ವಲ್ಪ ಸರಿಸಿ ಮತ್ತೆ ತೆಗೆದರೆ ಗೊತ್ತಾಗುತ್ತದೆ. ಕ್ಷುದ್ರಗ್ರಹವಾದರೆ ಒಂದೆರಡು ಗಂಟೆಯಲ್ಲಿ ಜರುಗುತ್ತದೆ. ತಿಂಗಳುಗಟ್ಟಲೆ ಏರಿಳಿಯುವ ಮೀರಾ ಜಾತಿಯ ನಕ್ಷತ್ರವಾದರೆ ಹಳೆಯ ಚಿತ್ರಗಳಲ್ಲೂ ಸಿಗುತ್ತದೆ. ಅಸಾಮಾನ್ಯ ಪ್ರಕಾಶದ್ದು ಸಿಕ್ಕಿದರೆ ಇನ್ನೂ ಎರಡು ಅನುಮಾನ ಇಟ್ಟುಕೊಳ್ಳಬೇಕು. ಒಂದು, ಅದು ಆಂಡ್ರೊಮೆಡಾದ್ದೇ ಅಲ್ಲದೆ ನಮ್ಮ ಆಕಾಶಗಂಗೆಯ ಸಣ್ಣ ಸ್ಫೋಟ ಆ ದಿಕ್ಕಿನಲ್ಲಿ ಕಂಡದ್ದು. ಇನ್ನೊಂದು, ‘ಕೆಂಪು ನೋವಾ’. ಹೆಸರು ಹಾಗಿದ್ದರೂ ಅದು ಎರಡು ನಕ್ಷತ್ರ ಒಂದರೊಳಗೊಂದು ಸೇರಿಹೋಗುವ ಘಟನೆ. ಆಂಡ್ರೊಮೆಡಾದಲ್ಲಿ 1988ರಲ್ಲಿ ಒಂದು, 2015ರಲ್ಲಿ ಒಂದು ಕಂಡಿದೆ. ಪ್ರಕಾಶದಲ್ಲಿ ಅತಿ ಪ್ರಕಾಶದ ನೋವಾಗಳ ಸಾಲಿಗೇ ಬರುತ್ತವೆ, ಆದರೆ ದಿನ ಕಳೆದಂತೆ ಕೆಂಪಾಗುತ್ತಾ ಹೋಗುತ್ತವೆ. ರೋಹಿತ ತೆಗೆದರೆ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ, ಈ ಎರಡೂ ಅನುಮಾನ ತೀರುತ್ತವೆ. ನಿಜವಾದ ನೋವಾದಲ್ಲಿ ಹೈಡ್ರೋಜನ್ ಗೆರೆಗಳು ಸೆಕೆಂಡಿಗೆ ಸಾವಿರ ಕಿಲೋಮೀಟರ್ ಲೆಕ್ಕದ ವೇಗಕ್ಕೆ ಅಗಲವಾಗಿ ಹರಡಿರುತ್ತವೆ. ಅದು ದೊಡ್ಡ ಟೆಲಿಸ್ಕೋಪಿನವರ ಕೆಲಸ. ಅವರಿಗೆ ಸುದ್ದಿ ಬೇಗ ಮುಟ್ಟಿಸುವುದು ನಿಮ್ಮ ಕೆಲಸ.

ಸುದ್ದಿ ಹೋಗಬೇಕಾದದ್ದು ಇಂಥ ಹೊಸ ಚುಕ್ಕಿಗಳ ವರದಿ ಸೇರುವ ಟ್ರಾನ್ಸಿಯೆಂಟ್ ನೇಮ್ ಸರ್ವರ್ ಅನ್ನುವ ಜಾಲತಾಣಕ್ಕೆ. ಅಲ್ಲಿ ಯಾರಾದರೂ ಮೊದಲೇ ವರದಿ ಮಾಡಿದ್ದಾರೆಯೇ ಅಂತ ನೋಡಿ, ಖಾತೆಯನ್ನು ಮುಂಚೆಯೇ ತೆರೆದಿಟ್ಟುಕೊಳ್ಳಿ. ಚುಕ್ಕಿಯ ನಿಖರ ಸ್ಥಾನ, ಕಾಂತಿಮಾನ, ಯಾವ ಫಿಲ್ಟರು, ಯಾವ ಹೊತ್ತು ಅನ್ನುವುದನ್ನು ಕೇಳುತ್ತಾರೆ. ಹೊತ್ತನ್ನು ನಮ್ಮ ಗಡಿಯಾರದ ಪ್ರಕಾರ ಬರೆಯಬೇಡಿ, 5 ಗಂಟೆ 30 ನಿಮಿಷ ಕಳೆದು ಯೂನಿವರ್ಸಲ್ ಟೈಮ್‌ನಲ್ಲಿ ಕೊಡಿ. ಹಾಗೆಯೇ, ಆ ಜಾಗದಲ್ಲಿ ಏನೂ ಇರಲಿಲ್ಲ ಅಂತ ತೋರಿಸುವ ನಿಮ್ಮ ಹಿಂದಿನ ಚಿತ್ರದ ದಿನಾಂಕವನ್ನೂ, ಅದರಲ್ಲಿ ಎಷ್ಟು ಮಂಕಾದ ಚುಕ್ಕಿಯವರೆಗೆ ಕಾಣುತ್ತಿತ್ತು ಅನ್ನುವುದನ್ನೂ ತಪ್ಪದೆ ಸೇರಿಸಿ. ಬೇಗ ಏರಿ ಬೇಗ ಇಳಿಯುವ ನೋವಾದ ಉತ್ತುಂಗ ಯಾವ ದಿನ ಅಂತ ಕಟ್ಟಿಹಾಕಲು ಖಾಲಿ ಜಾಗದ ಆ ಚಿತ್ರ, ಚುಕ್ಕಿ ಇರುವ ಚಿತ್ರದಷ್ಟೇ ಕೆಲಸಕ್ಕೆ ಬರುತ್ತದೆ.